ಬರಿಹೊಟ್ಟೆ, ಬತ್ತಿದ ಕೈ

ಹನೂರು ಕಡೆಯ ಮೊದಲ ಬಸ್ಸಿಗೆ ಕೊಳ್ಳೇಗಾಲದ ಲ್ಯಾಬಿಗೆ ಬಂದಿಳಿಯುವವರನ್ನು ನೋಡಬೇಕು ನೀವು. ಡಾಕ್ಟರು ‘ಬರಿಹೊಟ್ಟೇಲಿ ಬನ್ನಿ’ ಅಂದದ್ದೇ ತಡ, ರಾತ್ರಿಯಿಂದ ಹನಿ ನೀರೂ ಮುಟ್ಟಿರುವುದಿಲ್ಲ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುವಾಗ ಗಳಿಗೆಗೊಮ್ಮೆ ಬಾಟಲಿ ಎತ್ತುವ ಅದೇ ಜನ ಸಕ್ಕರೆ ಪರೀಕ್ಷೆ ಅಂದರೆ ನಿರ್ಜಲ ಏಕಾದಶಿ! ಆಮೇಲೆ ‘ನಂಗೆ ನರವೇ ಸಿಕ್ಕಲ್ಲ ಕಣಪ್ಪ’ ಅನ್ನುವ ಬಿಂಕ ಬೇರೆ. ಎಲ್ಲಿಂದ ಸಿಗಬೇಕವ್ವ? ಮೈಯಲ್ಲಿ ನೀರು ಕಮ್ಮಿಯಾದರೆ ನರ ಕುಗ್ಗುತ್ತೆ. ಬಿಡಬೇಕಾದದ್ದು ಕಾಫಿ, ತಿಂಡಿ; ನೀರಲ್ಲ. (ಕಿಡ್ನಿಗೋ ಹೃದಯಕ್ಕೋ ನೀರು ಅಳೆದು ಕುಡಿಯಿರಿ ಅಂದಿದ್ದರೆ ಆ ಮಾತು ಬೇರೆ.)

ಇನ್ನು ನಮ್ಮ ಮಾವಂದಿರು. ರಬ್ಬರು ಪಟ್ಟಿ ಕಟ್ಟುತ್ತಲೇ ಗರಡಿಗೆ ಇಳಿದವರಂತೆ ಮುಷ್ಟಿಯನ್ನು ಬಿಗಿದು ಬಿಚ್ಚಿ, ಬಿಗಿದು ಬಿಚ್ಚಿ... ಹಾಗೆ ಮಾಡಿದರೆ ಆ ರಕ್ತದಲ್ಲಿ ಪೊಟ್ಯಾಸಿಯಂ ಸುಳ್ಳೇ ಏರಿದಂತೆ ತೋರಬಹುದು; ಬಾಳೆಹಣ್ಣು, ಎಳನೀರು ಎರಡಕ್ಕೂ ನಿಷೇಧ ಬಿದ್ದೀತು! ಸುಮ್ಮನೆ ಒಮ್ಮೆ ಮುಷ್ಟಿ ಹಿಡಿದರೆ ಸಾಕು, ಮಾವ. ಅದಕ್ಕೂ ಮೊದಲು ಕೈಯನ್ನು ಎದೆಗಿಂತ ಕೆಳಗೆ ಇಳಿಬಿಡಿ, ಚಳಿಗೆ ಸೆಟೆದಿದ್ದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ.

ಲ್ಯಾಬಿನ ತಮ್ಮಂದಿರನ್ನೂ ಬಿಡುವಂತಿಲ್ಲ. ಮೊಣಕೈಗೆ ಫಟಫಟ ಏಟು ಯಾಕಪ್ಪ? ರೇಷ್ಮೆ ಮಗ್ಗದವರು ಹರಿದ ಎಳೆ ಹುಡುಕುವ ಹಾಗೆ ಬೆರಳಲ್ಲಿ ಹುಡುಕಬೇಕು. ಕಣ್ಣಿಗೆ ಕಾಣುವ ಹಸಿರು ಗೆರೆಗಿಂತ ಬೆರಳಿಗೆ ಪುಟಿಯುವ ನರವೇ ವಾಸಿ. ಪಟ್ಟಿ ಒಂದು ನಿಮಿಷ ದಾಟಿದರೆ ಬಿಚ್ಚಿ, ಕೈಗೆ ಸ್ವಲ್ಪ ಬಿಡುವು ಕೊಡಿ. ಎರಡು ಸಲ ಚುಚ್ಚಿಯೂ ಬಾರದಿದ್ದರೆ ಸೂಜಿ ಇನ್ನೊಬ್ಬರ ಕೈಗೆ ಹೋಗಲಿ, ಅದರಲ್ಲಿ ಮಾನ ಹೋಗುವುದೇನಿಲ್ಲ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕೆಲವು ಸೋಲಿಗರನ್ನು ಮಾತ್ರ ನಾನು ರೇಗಿಸಲಾರೆ. ಅವರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ, ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅದರ ಬೆನ್ನು ಹತ್ತಿದೆ. ಮೊದಲ ತಪಾಸಣೆಗೆ ಬೆರಳ ತುದಿಯ ಹನಿ ಸಾಕು. ಕಾಯಿಲೆ ಇದ್ದವರಿಗೋ ಚಿಕ್ಕಂದಿನಿಂದ ಸೂಜಿ ಬಿದ್ದು ಬಿದ್ದು ನರ ಗಡುಸಾಗಿರುತ್ತೆ. ಅಂಥವರು ‘ಅಲ್ಲಿ ಬೇಡ ಅಣ್ಣ, ಈ ಕಡೆ ನೋಡು’ ಅಂದರೆ ಅಣ್ಣ ಕೇಳಬೇಕು. ಅವರಷ್ಟು ಆ ಕೈ ಬಲ್ಲವರು ಯಾರು?

ರಕ್ತ ಕೊಟ್ಟಾದ ಮೇಲೆ ನಮ್ಮವರೆಲ್ಲ ಮಾಡುವ ಕೆಲಸ ಒಂದೇ: ಹತ್ತಿ ಇಟ್ಟು ಮೊಣಕೈ ಮಡಚಿ ಹೋಟೆಲಿಗೆ ಓಟ. ಮಡಚಬೇಡಿ, ಕೈ ನೀಡಿ ಅದುಮಿ ಹಿಡಿಯಿರಿ, ಇಲ್ಲದಿದ್ದರೆ ನೀಲಿಗಟ್ಟೀತು. ಮೇಲಾಗಿ ಇವತ್ತೊಂದು ದಿನ ಎರಡೇ ಇಡ್ಲಿ ತಿಂದು ಸಕ್ಕರೆಗೆ ಟೋಪಿ ಹಾಕಬೇಡಿ. ದಿನಾ ತಿನ್ನುವಷ್ಟು ತಿನ್ನಿ. ತಿಂಡಿಯಾಗಿ ಎರಡು ಗಂಟೆ ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ, ಇನ್ನೊಂದು ಕೈ ಇದೆಯಲ್ಲ!