ಚಾಲ್ತಿ ಖಾತೆಯ ಪುನರ್ವಸತಿ

ವ್ಯಾಪಾರಿಗಳು ದಿನನಿತ್ಯದ ಕೊಡುಕೊಳ್ಳುವಿಕೆಗೆಂದು ತೆರೆಯುವ, ಎಷ್ಟು ಸಲ ಹಣ ಹಾಕಿದರೂ ತೆಗೆದರೂ ಬ್ಯಾಂಕು ಬೇಸರಪಡದ, ಆದರೆ ಒಂದು ಪೈಸೆ ಬಡ್ಡಿಯನ್ನೂ ಕೊಡದ ಖಾತೆಗೆ ಚಾಲ್ತಿ ಖಾತೆಯೆಂದು ಹೆಸರು. ಬಡ್ಡಿ ಕೊಡದಿರುವುದಷ್ಟೇ ಅಲ್ಲದೆ, ಸರಾಸರಿ ಶಿಲ್ಕು ಗೊತ್ತುಪಡಿಸಿದ ಮೊತ್ತಕ್ಕಿಂತ ಇಳಿದರೆ ದಂಡವನ್ನೂ ಕೀಳುವ ಈ ಖಾತೆಯನ್ನು ಬಾಗಲಕೋಟೆಯ ಅಡತಿ ಅಂಗಡಿಯವರೂ ಬಾದಾಮಿಯ ಲಾಡ್ಜಿನವರೂ ಹುನಗುಂದದ ಬೀಜ-ಗೊಬ್ಬರದವರೂ ಇಳಕಲ್ಲಿನ ಸೀರೆ ವರ್ತಕರೂ ನಿಷ್ಠೆಯಿಂದ ಸಾಕಿಕೊಂಡು ಬಂದಿರುವುದನ್ನು ನೋಡಿದರೆ, ಮನುಷ್ಯನು ಲಾಭವಿಲ್ಲದೆ ಹೆಜ್ಜೆ ಇಡನೆಂಬ ಅರ್ಥಶಾಸ್ತ್ರಜ್ಞರ ಮಾತನ್ನು ಮರುಪರಿಶೀಲಿಸಬೇಕಾಗುತ್ತದೆ.

ಈ ಸೀಮೆಯಲ್ಲಿ ಗ್ರಾಹಕನು ಬ್ಯಾಂಕನ್ನು ಬಿಡುವುದು ಅಪರೂಪ; ಅವನು ಕುಳಿತಲ್ಲೇ ಕುಳಿತಿರಲು ಬ್ಯಾಂಕೇ ಇನ್ನೊಂದಾಗುವುದು ರೂಢಿ. ಬಿಜಾಪುರ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದವನು, ಅದು 2005ರಲ್ಲಿ ಮಲಪ್ರಭಾ, ವರದಾ, ನೇತ್ರಾವತಿ ಬ್ಯಾಂಕುಗಳೊಡನೆ ಕೂಡಿದಾಗ, ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನವನಾದನು. ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕು ಸಾಕೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದ್ದರಿಂದ 2025ರ ಮೇ 1ರಂದು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನವನಾದನು. ಸಿಂಡಿಕೇಟ್ ಬ್ಯಾಂಕಿನವನು 2020ರ ಏಪ್ರಿಲ್ 1ರ ಬೆಳಿಗ್ಗೆ ಏಳುವಷ್ಟರಲ್ಲಿ ಕೆನರಾದವನಾಗಿದ್ದನು. ಅವನಿಗೆ ಬಿಸಿ ತಟ್ಟಿದ್ದು ಮರುವರ್ಷದ ಜುಲೈನಲ್ಲಿ, ಹಳೆಯ ಐಎಫ್‌ಎಸ್‌ಸಿ ನಿಂತುಹೋದಾಗ. ಮೊದಲ ನಾಲ್ಕು ಅಕ್ಷರಗಳಲ್ಲಿ ಬ್ಯಾಂಕನ್ನೂ, ನಡುವೆ ಒಂದು ಸೊನ್ನೆ ಬಿಟ್ಟು ಕೊನೆಯ ಆರರಲ್ಲಿ ಶಾಖೆಯನ್ನೂ ಸೂಚಿಸುವ ಹನ್ನೊಂದು ಅಂಕಿ-ಅಕ್ಷರಗಳ ಸಂಕೇತವದು. ಆಲಮಟ್ಟಿಯ ಹಿನ್ನೀರಿಗೆ ಓಣಿಗಳೇ ಮುಳುಗಿ, ಮನೆಮಾರು ಸಮೇತ ನವನಗರಕ್ಕೆ ಎದ್ದುಹೋದವರಿರುವ ಬಾಗಲಕೋಟೆಯಲ್ಲಿ ಬೋರ್ಡು ಬದಲಾದದ್ದಕ್ಕೆ ಯಾರೂ ಹುಬ್ಬೇರಿಸದಿದ್ದರೆ ಆಶ್ಚರ್ಯವಿಲ್ಲ.

ತೊಡಕಿರುವುದು ಗ್ರಾಹಕನೇ ಮನಸ್ಸು ಮಾಡಿ ಹೊರಟಾಗ. ಇಳಕಲ್ಲಿನ ಸೀರೆ ಅಂಗಡಿಗೆ ಹೊಸ ಬ್ಯಾಂಕಿನ ತರುಣ ಅಧಿಕಾರಿಯು ತಾನಾಗಿಯೇ ಬಂದು, ಪ್ಯಾನ್, ಆಧಾರ್, ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿಯ ಪ್ರತಿಗಳನ್ನು ಗಲ್ಲೆಯ ಮೇಲೆಯೇ ಪಡೆದು, ಚಹಾ ಆರುವುದರೊಳಗೆ ಕೆಲಸ ಮುಗಿಸುತ್ತಾನೆ. ಓಡಿ, ಅಂದರೆ ಶಿಲ್ಕು ಮೀರಿಯೂ ಹಣ ತೆಗೆಯಲು ಬಿಡುವ ಸಾಲ, ಇದ್ದವರಿಗೆ ಮಾತ್ರ ಈ ಸಲೀಸು ಇರಲಿಲ್ಲ. ಅಂಥವರು ಬೇರೆಡೆ ಚಾಲ್ತಿ ಖಾತೆ ತೆರೆಯುವುದನ್ನು ರಿಸರ್ವ್ ಬ್ಯಾಂಕು 2020ರ ಆಗಸ್ಟ್‌ನಲ್ಲಿ ಬಿಗಿಗೊಳಿಸಿ, ಸಣ್ಣ ಸಾಲಗಾರರ ಮಟ್ಟಿಗೆ ಮರುವರ್ಷ ಸಡಿಲಿಸಿತು. ಆದರೆ ಹಳೆಯ ಶಾಖೆಯಲ್ಲಿ ಖಾತೆ ಮುಚ್ಚುವ ಅರ್ಜಿ ಕೊಡುವುದು ಬೀಗರ ಮನೆಯಿಂದ ಊಟಕ್ಕೆ ಮೊದಲೇ ಏಳುವಷ್ಟು ಕಠಿಣ. “ಏನ್ರಿ ಸಾವ್ಕಾರ್ರ, ನಮ್ಮಿಂದೇನ್ ತಪ್ಪಾತ್ರಿ?” ಎಂದು ಮ್ಯಾನೇಜರು ಕುರ್ಚಿ ಎಳೆದು ಕೂರಿಸುತ್ತಾರೆ. “ತಪ್ಪೇನಿಲ್ರಿ ಸಾಹೇಬ್ರ, ಹುಡುಗ್ರು ಹಟ ಹಿಡದಾರ್ರಿ” ಎಂದು ಸಾಹುಕಾರರು ನೆಲ ನೋಡುತ್ತಾರೆ. ಅಷ್ಟರಲ್ಲಿ ಗುಮಾಸ್ತನು, ಅರ್ಜಿಯ ಸಹಿಯು ಖಾತೆ ತೆರೆದ ಕಾಲದ ಸಹಿಗೆ ಹೊಂದುವುದಿಲ್ಲವೆಂದೂ, ಉಳಿದ ಚೆಕ್ಕಿನ ಹಾಳೆಗಳನ್ನು ಹಿಂದಿರುಗಿಸದೆ ಮುಂದಿನ ಮಾತಿಲ್ಲವೆಂದೂ ತಿಳಿಸುತ್ತಾನೆ.

ಹಣವೇನೋ ಆರ್‌ಟಿಜಿಎಸ್‌ನಲ್ಲಿ ಅದೇ ದಿನ ದಾಟಿಹೋಗುತ್ತದೆ. ದಾಟಲೊಲ್ಲದ್ದು ಖಾತೆಯ ಸಂಖ್ಯೆ. ನೂಲಿನ ವ್ಯಾಪಾರಿಗೆ ಮುಂದಿನ ತಾರೀಖು ಹಾಕಿ ಕೊಟ್ಟ ಚೆಕ್ಕುಗಳು, ಗಲ್ಲೆಯ ಮುಂದಿನ ಕ್ಯೂಆರ್ ಚೀಟಿ, ಹಣ ಬಂತೆಂದು ಬೀದಿಗೆಲ್ಲ ಸಾರುವ ಡಬ್ಬಿ, ಜಿಎಸ್‌ಟಿ ಜಾಲತಾಣದ ನಮೂದು, ಹೆಸ್ಕಾಂ ಬಿಲ್ಲಿಗೆ ಕೊಟ್ಟ ಕಡಿತದ ಒಪ್ಪಿಗೆ, ಇವೆಲ್ಲಕ್ಕೂ ಅದೇ ಸಂಖ್ಯೆ ಅಂಟಿಕೊಂಡಿರುತ್ತದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ವಿದ್ಯೆಗೆ ಹೆಸರಾದ ಊರಿನವರೇ ಇಲ್ಲಿ ಕೈಚೆಲ್ಲುವುದುಂಟು.

ಸಂಖ್ಯೆ ಉಳಿಸಿಕೊಂಡು ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂದಿತು. ಬ್ಯಾಂಕು ಖಾತೆಗೂ ಹಾಗೇ ಆಗಬೇಕೆಂದು ರಿಸರ್ವ್ ಬ್ಯಾಂಕಿನ ಅಂದಿನ ಉಪ ಗವರ್ನರ್ ಎಸ್.ಎಸ್. ಮುಂದ್ರಾ 2017ರಲ್ಲಿ ಹೇಳಿದರು. ಬ್ಯಾಂಕುಗಳು ಗೌರವದಿಂದ ಕೇಳಿಸಿಕೊಂಡವು. ಬ್ರಿಟನ್ನಿನಲ್ಲಿ 2013ರ ಸೆಪ್ಟೆಂಬರಿನಿಂದ ಹೊಸ ಬ್ಯಾಂಕೇ ಏಳು ಕೆಲಸದ ದಿನಗಳಲ್ಲಿ ಎಲ್ಲ ಪಾವತಿಗಳನ್ನೂ ಹೊತ್ತು ತರುವ ಏರ್ಪಾಡಿದೆ, ನಿಜ. ಆದರೆ ಆ ಏರ್ಪಾಡು ಮಾಡಿದವರು ಇಳಕಲ್ಲಿನ ಬಿಲ್ ಪುಸ್ತಕವನ್ನು ಕಂಡವರಲ್ಲ.

ಸಾಲಂಕೃತ ದೇವರ ಚಿತ್ರದ ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ ಹಳೆಯ ಬ್ಯಾಂಕಿನ ಖಾತೆ ಸಂಖ್ಯೆ ಅಚ್ಚಾಗಿರುವ ಈ ಪುಸ್ತಕಗಳನ್ನು, ಹೆಚ್ಚು ಅಚ್ಚು ಹಾಕಿಸಿದರೆ ದರ ಇಳಿಯುತ್ತದೆಂದು ಸಾಹುಕಾರರು ಅಟ್ಟದ ತುಂಬ ಪೇರಿಸಿರುತ್ತಾರೆ. ಎಸೆಯಲು ಮನಸ್ಸಿಲ್ಲ, ಸಂಖ್ಯೆಯ ಮೇಲೆ ರಬ್ಬರ್ ಮೊಹರು ಒತ್ತಿದರೆ ಗಿರಾಕಿಗೆ ಸಂಶಯ. ಆದುದರಿಂದ ಪುಸ್ತಕ ತೀರುವವರೆಗೆ ಹಳೆಯ ಖಾತೆಯೂ ಇರಲೆಂದು ನಿಶ್ಚಯವಾಗಿ, ಎರಡೂ ಕಡೆ ಕನಿಷ್ಠ ಶಿಲ್ಕು ಬಡ್ಡಿಯಿಲ್ಲದೆ ಕೂರುತ್ತದೆ. ಖಾತೆ ಉಳಿಸಿಕೊಂಡೆವೆಂದು ಹಳೆಯ ಶಾಖೆಯೂ, ಖಾತೆ ಸೆಳೆದೆವೆಂದು ಹೊಸ ಶಾಖೆಯೂ ತಿಂಗಳ ವರದಿಯಲ್ಲಿ ಬರೆದುಕೊಳ್ಳುತ್ತವೆ.