ಕತ್ತಲಾದಾಗ ನನ್ನ ಪ್ರವೇಶ

ನಾಟಕ ಕಲಿಯಲೆಂದು ರೆಪರ್ಟರಿ ಸೇರುವ ಹುಡುಗರ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಚಾದರ, ಅರ್ಧ ಓದಿದ ಸ್ತಾನಿಸ್ಲಾವ್‌ಸ್ಕಿ ಪುಸ್ತಕ ಇರುತ್ತವೆ. ತಲೆಯೊಳಗೆ ಒಬ್ಬ ರಾಜ ಇರುತ್ತಾನೆ. ಕೆಲವರಿಗೆ ಈಡಿಪಸ್, ಕೆಲವರಿಗೆ ಮ್ಯಾಕ್‌ಬೆತ್, ಇನ್ನು ಕೆಲವರಿಗೆ ದುರ್ಯೋಧನ. ನನ್ನ ತಲೆಯಲ್ಲಿದ್ದವನು ತುಘಲಕ್. ಅಂತರ ಕಾಲೇಜು ಸ್ಪರ್ಧೆಯಲ್ಲಿ ತುಘಲಕನ ಒಂದು ದೃಶ್ಯ ಮಾಡಿ, ಸಮಾಧಾನಕರ ಬಹುಮಾನವಾಗಿ ಸ್ಟೀಲಿನ ಟಿಫನ್ ಡಬ್ಬಿ ಗೆದ್ದವನಿಗೆ ದೌಲತಾಬಾದು ಇನ್ನು ಎರಡೇ ಫರ್ಲಾಂಗು ಅನ್ನಿಸಿದರೆ ಅದರಲ್ಲಿ ಅವನ ತಪ್ಪೇನಿಲ್ಲ.

ಹಾಗೆ ಹೋದವನ ಕೈಗೆ ಮೊದಲ ದಿನ ಬಂದದ್ದು ಒಂದು ಸುತ್ತಿಗೆ, ಒಂದು ಡಬ್ಬಿ ತುಂಬ ಡೊಂಕು ಮೊಳೆ. ಹಿಂದಿನ ವರ್ಷದ ನಾಟಕದ ಸೆಟ್ಟಿನಿಂದ ಕಿತ್ತ ಮೊಳೆಗಳು. ಒಂದೊಂದನ್ನೇ ಕಲ್ಲಿನ ಮೇಲಿಟ್ಟು, ಹೊರಳಿಸಿ ಹೊರಳಿಸಿ ಬಡಿದು ನೆಟ್ಟಗೆ ಮಾಡಬೇಕು. ಸಂಜೆಯ ಹೊತ್ತಿಗೆ ಅರ್ಧ ಡಬ್ಬಿ ಮೊಳೆ ನೆಟ್ಟಗಾಗಿತ್ತು, ನನ್ನ ಎಡಗೈ ಹೆಬ್ಬೆರಳು ಡೊಂಕಾಗಿತ್ತು.

ಸೆಟ್ಟಿನ ಹೊಣೆ ಹೊತ್ತಿದ್ದವರನ್ನು ತಂಡದಲ್ಲಿ ಎಲ್ಲರೂ ಕಾಕಾ ಎನ್ನುತ್ತಿದ್ದರು. ಹುಬ್ಬಳ್ಳಿ ಕಡೆಯವರು. ಮೀಸೆ ಮೂಡುವ ಮೊದಲೇ ಒಂದು ವೃತ್ತಿ ಕಂಪನಿ ಸೇರಿ ಪರದೆ ಎಳೆಯುತ್ತಿದ್ದವರು. ಮೊಳೆಗಳನ್ನು ಅವರ ಮುಂದಿಟ್ಟು ಕೇಳಿದೆ:

“ಕಾಕಾ, ಪಾರ್ಟು ಯಾವಾಗ ಸಿಗುತ್ತೆ?”

ಅವರು ಒಂದು ಮೊಳೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. “ತಮ್ಮಾ, ಮೊದಲ ಹೊರೂದು ಕಲಿ. ಮಾತಾಡೂದು ಎಲ್ಲಾರಿಗೂ ಬರ್ತದ.”

ಕಾಕಾ ಬೆಳೆದ ಕಂಪನಿ ಲೋಕದಲ್ಲಿ ಇಂಟರ್ನ್‌ಶಿಪ್ ಎಂಬ ಹೆಸರು ಇರಲಿಲ್ಲವೇ ಹೊರತು ಆ ಚಾಕರಿ ಧಾರಾಳವಾಗಿತ್ತು. ಊಟಕ್ಕೆ ಮೋಸವಿಲ್ಲ, ಮಲಗಲು ರಂಗದ ಹಿಂದಿನ ಜಾಗ, ಸಂಬಳದ ಮಾತು ಆಮೇಲೆ. ಮನೆಯಲ್ಲಿ ಏಟು ತಿಂದ ಹುಡುಗರು, ಹಾಡಿನ ಹುಚ್ಚು ಹತ್ತಿದ ಹುಡುಗರು, ಪರೀಕ್ಷೆಯಲ್ಲಿ ನಪಾಸಾದವರು ಕಂಪನಿಯ ಹಿಂದೆ ಹೊರಟುಬಿಡುತ್ತಿದ್ದರು. ಬಾಬುಕೋಡಿಯ ವೆಂಕಟರಮಣ ಎಂಬ ಹುಡುಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಗುಬ್ಬಿ ಕಂಪನಿಗೆ. ಅವನನ್ನು ಮುಂದೆ ಓದಲಿ ಎಂದು ಬನಾರಸಿಗೆ ಕಳಿಸಿದ್ದು ಕಂಪನಿಯ ಮಾಲೀಕರಾದ ವೀರಣ್ಣನವರೇ. ಆ ಹುಡುಗ ಬಿ.ವಿ. ಕಾರಂತರಾಗಿ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಪ್ಪನ ಜೊತೆ ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿಕೊಂಡು ಬೆಳೆದು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರನಾದ. ವೀರಣ್ಣನವರು ಸ್ವತಃ ಬಾಲಕನಾಗಿ ಕಂಪನಿಗೆ ಸೇರಿದವರು. ಕಂಪನಿ ಹುಟ್ಟಿದ್ದು 1884ರಲ್ಲಿ, ಅವರು ಹುಟ್ಟುವುದಕ್ಕೂ ಮೊದಲು.

ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳು ಬರುತ್ತಿದ್ದವು. ನಾನು ಓದಿದ ಪುಸ್ತಕಗಳೆಲ್ಲ ಆನೆ ಬಂದದ್ದನ್ನು ಬಣ್ಣಿಸುತ್ತವೆ. ಆನೆ ಹೋದ ಮೇಲೆ ಮುಂದಿನ ದೃಶ್ಯಕ್ಕೆ ರಂಗ ಗುಡಿಸಿದವರು ಯಾರು ಎಂದು ಒಂದರಲ್ಲೂ ಇಲ್ಲ. ಬರೆಯುವ ಅಗತ್ಯವೂ ಇಲ್ಲ ಬಿಡಿ. ಆ ವರ್ಷ ಹೊಸದಾಗಿ ಸೇರಿದ ಹುಡುಗನೇ ಇರಬೇಕು.

ಕಾಲ ಬದಲಾಯಿತು. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುಮಾಡಿ, 1985ರಲ್ಲಿ ‘ತಿರುಗಾಟ’ ಹೊರಡಿಸಿತು. ಆಮೇಲೆ 1997ರಲ್ಲಿ ಸಾಣೇಹಳ್ಳಿಯ ‘ಶಿವಸಂಚಾರ’ ಬಂತು. ಮಳೆಗಾಲದಲ್ಲಿ ಮೂರು ನಾಟಕ ಕಟ್ಟುವುದು, ಮಳೆ ನಿಂತ ಮೇಲೆ ಲಾರಿಯಲ್ಲಿ ಸಾಮಾನು ಹೇರಿಕೊಂಡು ಊರೂರು ಸುತ್ತುವುದು ಎಂಬ ಕ್ರಮ ಗಟ್ಟಿಯಾಯಿತು. ಕಲಿಕೆಗೆ ಪಠ್ಯಕ್ರಮ, ವೇಳಾಪಟ್ಟಿ, ಸರ್ಟಿಫಿಕೇಟು ಎಲ್ಲ ಬಂದವು. ಪೊರಕೆ ಮಾತ್ರ ಹೋಗಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರು ಶೌಚಾಲಯವನ್ನು ತಾವೇ ತೊಳೆದು ವಿದ್ಯಾರ್ಥಿಗಳಿಗೆ ತೋರಿಸಿದ್ದರೆಂಬುದು ಅವರ ಶಿಷ್ಯರು ಮತ್ತೆ ಮತ್ತೆ ಹೇಳಿಕೊಂಡು ಬಂದ ಮಾತು. ನಮ್ಮ ತಂಡದ ನಿರ್ದೇಶಕರಿಗೂ ಈ ಕತೆ ಬಹಳ ಇಷ್ಟ. ಅದರ ಅರ್ಧವನ್ನು ಅವರು ಚಾಚೂತಪ್ಪದೆ ಪಾಲಿಸುತ್ತಿದ್ದರು: ತೊಳೆಯಬೇಕು ಎನ್ನುವ ಅರ್ಧ.

ಮೊಳೆಯಿಂದ ನನಗೆ ಬಡ್ತಿ ಸಿಕ್ಕಿದ್ದು ಬೆಳಕಿನ ವಿಭಾಗಕ್ಕೆ. ಸಾವಿರ ವಾಟಿನ ಹ್ಯಾಲೊಜೆನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಅಲ್ಲಿ ಕಲಿತೆ. ಬೆರಳಿನ ಜಿಡ್ಡು ಗಾಜಿಗೆ ಹತ್ತಿದರೆ ಆ ಜಾಗ ಅತಿಯಾಗಿ ಕಾದು ಬಲ್ಬು ಒಡೆಯುತ್ತದೆ. ಬಟ್ಟೆಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಬೇಕು. ಅದರ ಮುಂದೆ ಜೆಲಾಟಿನ್ ಹಾಳೆ. ಹಳದಿಗೆ ಸ್ವಲ್ಪ ಕೆಂಪು ಬೆರೆತರೆ ಸಂಜೆ, ನೀಲಿಯಾದರೆ ಬೆಳದಿಂಗಳು. ಒಂದು ತಿಂಗಳು ಈ ನೀಲಿ ಬೆಳದಿಂಗಳು ಹಚ್ಚಿದ ಮೇಲೆ ಊರಲ್ಲಿ ಕಾಣುವ ನಿಜವಾದ ಬೆಳದಿಂಗಳು ಸ್ವಲ್ಪ ಡಲ್ಲು ಅನ್ನಿಸತೊಡಗಿತು. ಇನ್ನೊಂದು ಪಾಯಿಂಟು ಏರಿಸಬಹುದಿತ್ತು ಎಂದು ಆಕಾಶಕ್ಕೆ ಸಲಹೆ ಕೊಡುವ ಮಟ್ಟಕ್ಕೆ ಬಂದೆ.

ಮೇಕಪ್ಪಿನಲ್ಲೂ ಕೆಲವು ದಿನ ಕೈಯಾಡಿಸಿದೆ. ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಹಚ್ಚಿದ ತಕ್ಷಣ ಮೀಸೆ ಒತ್ತಬಾರದು. ಬೆರಳು ತಾಗಿಸಿದರೆ ಎಳೆಯುವಷ್ಟು ಆರಬೇಕು. ಬೆವರಿದ ಮೇಲ್ತುಟಿಗೆ ಅದು ಹಿಡಿಯುವುದೇ ಇಲ್ಲ. ಕರಾವಳಿಯ ಊರುಗಳಲ್ಲಿ ಸೇನಾಪತಿ ಕೊನೆಯ ಅಂಕಕ್ಕೆ ಬರುವ ಹೊತ್ತಿಗೆ ಅರ್ಧ ಮೀಸೆಯವನಾಗಿರುತ್ತಿದ್ದ. ಕೋಪದ ಮಾತುಗಳನ್ನೆಲ್ಲ ಅವನು ಬಲಗಡೆಗೇ ತಿರುಗಿ ಆಡುವುದನ್ನು ರೂಢಿಸಿಕೊಂಡಿದ್ದ.

ಆದರೆ ತಿರುಗುವ ತಂಡದ ನಿಜವಾದ ವಿದ್ಯಾಪೀಠ ಲಾರಿ. ಲಾರಿ ತುಂಬಲು ಬಂದವನಿಗೆ ನಾಟಕ ಬರುತ್ತದೆಂದು ಹೇಳಲಾರೆ. ನಾಟಕ ಬಂದು ಲಾರಿ ತುಂಬಲು ಬಾರದವನು ಮಾತ್ರ ತಂಡದಲ್ಲಿ ಒಂದು ವಾರ ಉಳಿಯಲಾರ. ಇಳಿಸುವಾಗ ಮೊದಲು ಬೇಕಾದದ್ದನ್ನು ಕೊನೆಗೆ ಹೇರಬೇಕು. ಪ್ಲೈವುಡ್ಡಿನ ಲೆವೆಲ್ಲುಗಳು ಕ್ಯಾಬಿನ್ನಿಗೆ ಒತ್ತಿ, ಅವುಗಳ ನಡುವೆ ಕಂಬಗಳು, ಕಂಬಗಳ ಸಂದಿಯಲ್ಲಿ ಈಟಿ, ಬಿಲ್ಲು, ಗದೆ. ಬಟ್ಟೆಯ ಟ್ರಂಕು ಮೇಲೆ. ಎಲ್ಲಕ್ಕಿಂತ ಕೊನೆಗೆ ಲೈಟು. ಮುಂದಿನ ಊರಲ್ಲಿ ಮೊದಲು ಕಟ್ಟುವುದು ಅವನ್ನೇ. ಅಲ್ಲದೆ ನಾಟಕ ಮುಗಿದ ಮೇಲೆ ಎಷ್ಟೋ ಹೊತ್ತು ಅವನ್ನು ಮುಟ್ಟಲಾಗುವುದಿಲ್ಲ, ಕೆಂಡದ ಹಾಗೆ ಕಾದಿರುತ್ತವೆ. ಪ್ರೇಕ್ಷಕರು ದುರಂತದ ಗುಂಗಿನಲ್ಲಿ ಮನೆಗೆ ಹೋಗುತ್ತಿರುವಾಗ, ಕಾಲು ಗಂಟೆ ಮುಂಚೆ ಸತ್ತ ರಾಜ ಲುಂಗಿ ಎತ್ತಿಕಟ್ಟಿ ಲೆವೆಲ್ಲಿನ ಒಂದು ಮೂಲೆ ಹಿಡಿದಿರುತ್ತಾನೆ. ಅವನನ್ನು ಕೊಂದ ಮಂತ್ರಿ ಇನ್ನೊಂದು ಮೂಲೆಯಲ್ಲಿ “ನಿನ್ ಕಡೆ ಸ್ವಲ್ಪ ಎತ್ತೋ ಮಾರಾಯ” ಎನ್ನುತ್ತಿರುತ್ತಾನೆ.

ಹಗ್ಗ ಬಿಗಿಯುವುದು ನನ್ನ ಕೆಲಸ. ಇದನ್ನು ಹಗುರವಾಗಿ ತಿಳಿಯಬೇಡಿ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಪೂರ್ತಿ ನಾಟಕಶಾಲೆ ಕಟ್ಟುವುದರ ಮೇಲೆಯೇ ಇದೆ. ನೆಲ ಅಳೆಯುವ ಹಗ್ಗ ತುಂಡಾಗಬಾರದು. ಅರ್ಧಕ್ಕೆ ತುಂಡಾದರೆ ಯಜಮಾನನಿಗೆ ಸಾವು, ಮೂರನೇ ಒಂದು ಭಾಗದಲ್ಲಿ ಕಿತ್ತರೆ ರಾಜ್ಯದಲ್ಲಿ ಕ್ಷೋಭೆ, ಕಾಲು ಭಾಗದಲ್ಲಿ ಕಿತ್ತರೆ ನಾಟಕ ಆಡಿಸುವ ಆಚಾರ್ಯನಿಗೆ ಕೇಡು. ಹಗ್ಗ ಹಿಡಿದು ನಿಂತ ಹುಡುಗನಿಗೆ ಏನಾಗುತ್ತದೆಂದು ಭರತಮುನಿ ಹೇಳುವುದಿಲ್ಲ. ಬಹುಶಃ ಆಗಬೇಕಾದದ್ದೆಲ್ಲ ಅವನಿಗೆ ಅದಾಗಲೇ ಆಗಿತ್ತು.

ಇಷ್ಟೆಲ್ಲ ಆದ ಮೇಲೆ ನನಗೆ ರಂಗದ ಮೇಲೆ ಹೋಗುವ ಅವಕಾಶವೂ ಸಿಕ್ಕಿತು. ಕತ್ತಲಲ್ಲಿ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಬೆಳಕು ಆರುತ್ತದಲ್ಲ, ಆಗ ಕಪ್ಪು ಪ್ಯಾಂಟು, ಕಪ್ಪು ಟೀ ಶರ್ಟಿನಲ್ಲಿ ಬರಿಗಾಲಲ್ಲಿ ಓಡಿಹೋಗಿ ಸಿಂಹಾಸನ ಇಟ್ಟು ಬರುವುದು. ನೆಲದ ಮೇಲೆ ಉಗುರಿನಷ್ಟಗಲದ ನಾಲ್ಕು ರೇಡಿಯಂ ಸ್ಟಿಕ್ಕರ್ ಚೂರು ಅಂಟಿಸಿರುತ್ತೇವೆ. ಕತ್ತಲಲ್ಲಿ ಅವು ಹಸಿರಾಗಿ ಮಿಣುಗುತ್ತವೆ. ನಾಲ್ಕೂ ಕಾಲು ಆ ನಾಲ್ಕು ಚೂರಿನ ಮೇಲೆ ಕೂರಬೇಕು. ಅರ್ಧ ಅಡಿ ಆಚೀಚೆಯಾದರೆ ರಾಜನ ಮುಖ ನೆರಳಿಗೆ ಬೀಳುತ್ತದೆ, ಬೆಳಕು ಬಂದು ಖಾಲಿ ಹಲಗೆಯನ್ನು ಬೆಳಗುತ್ತದೆ.

ತಂಡ ನಮ್ಮ ಊರಿಗೇ ಬಂದಾಗ ಅಮ್ಮ, ಚಿಕ್ಕಮ್ಮ, ಅಕ್ಕಪಕ್ಕದ ಮನೆಯವರೆಲ್ಲ ಮುಂದಿನ ಸಾಲು ಹಿಡಿದು ಕೂತಿದ್ದರು. ಅವತ್ತು ನಾಟಕಕ್ಕೆ ಮುಂಚೆ ಸಭಾ ಕಾರ್ಯಕ್ರಮ. ಸ್ವಾಗತ, ದೀಪ, ಏಳು ಜನಕ್ಕೆ ಶಾಲು, ರಂಗಭೂಮಿ ನಶಿಸುತ್ತಿದೆ ಎಂದು ಒಂದು ಗಂಟೆ ಭಾಷಣ. ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ಕೂತ ರಂಗಭೂಮಿ ಆಕಳಿಸುತ್ತಿತ್ತು. ವಂದನಾರ್ಪಣೆಯಾದದ್ದೇ ಕುರ್ಚಿ, ಮೇಜು, ಮೈಕು ಎತ್ತಿ, ಹಾರದಿಂದ ಉದುರಿದ ಸೇವಂತಿಗೆ ಎಸಳು ಗುಡಿಸಿದೆ. ಇದು ಬೆಳಕಿನಲ್ಲೇ ನಡೆದದ್ದರಿಂದ ನಮ್ಮವರಿಗೆ ಚೆನ್ನಾಗಿ ಕಂಡಿತು.

ನಾಟಕ ಮುಗಿದ ಮೇಲೆ ಅಮ್ಮ ಕೇಳಿದಳು. “ಎಲ್ಲೋ, ನೀನು ಬರಲೇ ಇಲ್ಲ?”

“ಬಂದಿದ್ದೆನಲ್ಲ, ಕತ್ತಲಾದಾಗೆಲ್ಲ.”

“ಕರೆಂಟು ಹೋದಾಗ ಯಾರೋ ಓಡಾಡಿದ ಹಾಗಾಯ್ತು” ಅಂದಳು ಚಿಕ್ಕಮ್ಮ. “ನೀನೇನಾ ಅದು?”

ಅಮ್ಮ ನನ್ನ ಮಾನ ಕಾಯಲು ನೋಡಿದಳು. “ನಂಗೆ ಗೊತ್ತಾಯ್ತಪ್ಪ. ಎರಡನೇ ಸಲ ಕತ್ತಲಾದಾಗ ಕೆಮ್ಮಿದ್ದು ಇವನೇ.”

ಬದಿಯ ಪರದೆಯ ಮರೆಯಲ್ಲಿ ದಿನವೂ ನಿಂತು ನಿಂತು ಮೂರು ನಾಟಕಗಳ ಎಲ್ಲರ ಮಾತೂ ನನಗೆ ಬಾಯಿಪಾಠವಾಗಿತ್ತು. ಆದ್ದರಿಂದ ಮಲೆನಾಡಿನ ಒಂದು ಊರಲ್ಲಿ ರಾಜನಿಗೆ ಚಳಿಜ್ವರ ಬಂದಾಗ ನನ್ನ ಎದೆ ಹೊಡೆದುಕೊಂಡದ್ದು ಅವನ ಆರೋಗ್ಯದ ಕಾಳಜಿಗಲ್ಲ. ಇಂಥ ಕತೆಗಳನ್ನು ಬೇಕಾದಷ್ಟು ಓದಿದ್ದೆನಲ್ಲ: ಮುಖ್ಯ ನಟ ಹಾಸಿಗೆ ಹಿಡಿಯುತ್ತಾನೆ, ಮೂಲೆಯ ಹುಡುಗ ಕಿರೀಟ ಧರಿಸುತ್ತಾನೆ. ತಂಡದಲ್ಲಿ ನಡೆಯುವ ಲೆಕ್ಕ ಬೇರೆ. ರಾಜನ ಪಾರ್ಟು ಮಂತ್ರಿಗೆ ಹೋಯಿತು. ಮಂತ್ರಿಯದು ಸೇನಾಪತಿಗೆ. ಸೇನಾಪತಿಯದು ದೂತನಿಗೆ, ದೂತನದು ಬಲಗಡೆ ನಿಲ್ಲುವ ಸೈನಿಕನಿಗೆ. ಹೀಗೆ ಜರುಗಿ ಜರುಗಿ ಉಳಿದ ಸೈನಿಕನ ಪಾರ್ಟು ನನಗೆ ಬಂತು. ಮಾತಿಲ್ಲ. ಈಟಿ ಹಿಡಿದು ನಿಲ್ಲಬೇಕು. ಸಿಂಹಾಸನ ಹೊರುವ ಕೆಲಸದಿಂದ ರಜೆ ಇದೆಯೇ ಎಂದು ಕೇಳಿದ್ದಕ್ಕೆ ಕಾಕಾ, “ಸೈನಿಕಂದು ಪ್ರವೇಶ ಆಮ್ಯಾಲಲ್ಲೇನು?” ಎಂದರು.

ದರ್ಬಾರಿನ ದೃಶ್ಯಕ್ಕೆ ಮುಂಚೆ ಬೆಳಕು ಆರಿತು. ಕೆಂಪು ಅಂಗಿ, ಹಿತ್ತಾಳೆ ಬಣ್ಣದ ಎದೆಕವಚ, ಆಗತಾನೇ ಅಂಟಿಸಿದ ಮೀಸೆ ತೊಟ್ಟು ಸಿಂಹಾಸನ ತಲೆಯ ಮೇಲೆ ಹೊತ್ತು ಹೊರಟೆ. ಹಿನ್ನೆಲೆಯಲ್ಲಿ ಶಂಖದ ಧ್ವನಿ ಕೇಳಿದೊಡನೆ ಬೆಳಕು ಏರಿಸಬೇಕು ಎಂಬುದು ಲೈಟಿನವನಿಗೆ ಇದ್ದ ಸೂಚನೆ. ನಾನು ರಂಗದ ನಟ್ಟನಡುವೆ ಇರುವಾಗ ಪಕ್ಕದ ಗುಡಿಯಲ್ಲಿ ಮಹಾಮಂಗಳಾರತಿಯಾಯಿತು. ಅಲ್ಲಿ ಶಂಖ ಊದಿದರು. ಇಲ್ಲಿ ಬೆಳಕು ಬಂತು.

ಓಡಲು ಕಾಲು ಬರಲಿಲ್ಲ. ಸೈನಿಕನಿಗೆ ಮಾತಿಲ್ಲವಾದ್ದರಿಂದ ಆಡಬೇಕಾದದ್ದೇನೂ ಇರಲಿಲ್ಲ, ಅದೊಂದು ಪುಣ್ಯ. ನಿಧಾನವಾಗಿ ನಾಲ್ಕು ಹೆಜ್ಜೆ ನಡೆದು, ಮೊಣಕಾಲೂರಿ ಸಿಂಹಾಸನ ಇಳಿಸಿ, ಪಕ್ಕದಲ್ಲಿ ಎದ್ದು ನಿಂತೆ. ಈಟಿ ಪರದೆಯ ಆಚೆ ಉಳಿದಿತ್ತು, ಕೈ ಕಟ್ಟಿಕೊಂಡೆ. ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದ ಹೊಸ ರಾಜ ಎಚ್ಚೆತ್ತು ಒಳಗೆ ಬಂದು ಕೂತ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು.

ಎರಡು ದಿನದ ನಂತರ ಸ್ಥಳೀಯ ಪತ್ರಿಕೆಯಲ್ಲಿ ವಿಮರ್ಶೆ ಬಂತು. ರಾಜನ ಬಗ್ಗೆ ಎರಡು ಸಾಲು. ಸಿಂಹಾಸನವನ್ನು ತಲೆಯ ಮೇಲೆ ಹೊತ್ತು ಬರುವ ಸಾಮಾನ್ಯ ಸೈನಿಕನ ಮೂಲಕ ಪ್ರಭುತ್ವದ ಭಾರ ಯಾರ ಹೆಗಲ ಮೇಲಿದೆ ಎಂದು ನಿರ್ದೇಶಕರು ಮಾರ್ಮಿಕವಾಗಿ ಸೂಚಿಸಿದ್ದರ ಬಗ್ಗೆ ಒಂದು ಪ್ಯಾರಾ. ನಿರ್ದೇಶಕರು ಅದನ್ನು ಕತ್ತರಿಸಿ ಫೈಲಿಗೆ ಹಾಕಿದರು. ಅವತ್ತಿನಿಂದ ಆ ಜಾಗದ ಕತ್ತಲನ್ನು ತೆಗೆದುಹಾಕಲಾಯಿತು. ರಾಜನ ಜ್ವರ ಇಳಿದು ಪಾರ್ಟುಗಳೆಲ್ಲ ಅವರವರ ಮನೆ ಸೇರಿದವು, ನನ್ನದು ಖಾಯಂ ಆಯಿತು. ಕಾಕಾ ಮಾತ್ರ ಪತ್ರಿಕೆಯನ್ನು ಮಡಿಸಿ ಲೈಟಿನ ಕೆಳಗೆ ಒತ್ತುಕೊಡುತ್ತ, “ಎಡಗಾಲು ಎರಡ ಇಂಚು ಹೊರಗಿತ್ತು” ಎಂದರು.

ರಾತ್ರಿ ಮನೆಗೆ ಫೋನು ಮಾಡಿ ಪಾರ್ಟು ಸಿಕ್ಕಿತೆಂದು ಹೇಳಿದೆ.

“ಅಬ್ಬ, ಏನು ಪಾರ್ಟು?”

“ಸಿಂಹಾಸನ ಹೊತ್ಕೊಂಡು ಬರೋದು.”

“ಅದನ್ನ ಮುಂಚೆನೂ ಹೊರ್ತಿದ್ದೆಯಲ್ಲೋ.”

“ಈಗ ಲೈಟಲ್ಲಿ ಹೊರ್ತೀನಮ್ಮ.”

ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

“ಲೈಟಲ್ಲಿ ಹೊತ್ರೆ ಸಂಬಳ ಜಾಸ್ತೀನಾ?”