ಅಟ್ಟದ ರಾಯರ ದಾನಪರ್ವ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಅಟ್ಟದ ರಾಯರು ಇದ್ದೇ ಇರುತ್ತಾರೆ. ಬಸವನಗುಡಿಯಲ್ಲಿ ತುಸು ಹೆಚ್ಚು. ವಯಸ್ಸು ಎಪ್ಪತ್ತರ ಆಚೀಚೆ. ಕಾರ್ಖಾನೆಯಿಂದಲೋ ಬ್ಯಾಂಕಿನಿಂದಲೋ ನಿವೃತ್ತರು. ಸ್ಕ್ರೂಡ್ರೈವರ್ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲರು, ಕನ್ನಡಕ ಎಲ್ಲಿದೆಯೆಂದು ಮಾತ್ರ ಹೆಂಡತಿಯನ್ನು ಕೇಳಬೇಕು. ಮನೆಯ ಯಾವ ವಸ್ತುವೂ ಕೆಟ್ಟಿದೆ ಎಂದು ಅವರು ಒಪ್ಪಿದ್ದಿಲ್ಲ. ‘ಸ್ವಲ್ಪ ರಿಪೇರಿ ಇದೆ ಅಷ್ಟೆ’ ಅನ್ನುತ್ತಾರೆ. ಆ ಸ್ವಲ್ಪ ರಿಪೇರಿ ಆಗುವ ತನಕ ಅದು ಅಟ್ಟಕ್ಕೇರುತ್ತದೆ. ಅಷ್ಟರಲ್ಲಿ ರಿಪೇರಿಯವನು ಅಂಗಡಿ ಮುಚ್ಚಿ ಊರು ಸೇರಿ, ಆ ಮಳಿಗೆಯಲ್ಲಿ ಮೊಮೊ ಬೇಯುತ್ತಿರುತ್ತದೆ.

ಹೀಗಾಗಿ ಅಟ್ಟ ಹತ್ತಿದವರ ಕಾಲಿಗೆ ದೇಶದ ಕೈಗಾರಿಕಾ ಚರಿತ್ರೆಯೇ ತಾಕುತ್ತದೆ. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ರಾಯರ ಅಟ್ಟದಲ್ಲಿ ಮಾತ್ರ ಅದರ ಡಬ್ಬಿ ಗ್ಯಾರಂಟಿ ಕಾರ್ಡಿನ ಸಮೇತ ಭದ್ರವಾಗಿದೆ. ಬೆಂಗಳೂರು, ಮೈಸೂರುಗಳಲ್ಲಿ ಕೇಬಲ್ ಟಿವಿ ಡಿಜಿಟಲ್ ಆಗಲು 2013ರ ಮಾರ್ಚ್ 31 ಗಡುವು. ಊರಿಗೆಲ್ಲ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ತಾರಸಿಯ ಆಂಟೆನಾ ಕೆಳಗಿಳಿಯಿತು. ಇಳಿದಿದ್ದು ಅಟ್ಟದವರೆಗೆ ಮಾತ್ರ. ಅದರ ಪಕ್ಕದಲ್ಲಿ ಷಟರ್ ಇರುವ ಮರದ ಪೆಟ್ಟಿಗೆಯ ಟಿವಿ, ಅದಕ್ಕೊಂದು ಸ್ಟೆಬಿಲೈಸರ್, ಬತ್ತಿ ಸ್ಟವ್, ಸ್ಟವ್ ಹೋದ ಮೇಲೂ ಉಳಿದ ಪಿನ್ನು, ಹೋಲ್ಡಾಲು, ಮೂರು ತಲೆಮಾರು ಮಲಗೆದ್ದ ತೊಟ್ಟಿಲು, ಸೀಟು ಹರಿದ ಬೆತ್ತದ ಕುರ್ಚಿ ಮತ್ತು ಈ ಎಲ್ಲ ಸಾಮಾನಿನ ರಟ್ಟಿನ ಡಬ್ಬಗಳು, ಥರ್ಮಕೋಲ್ ಸಮೇತ. ಡಬ್ಬ ಯಾಕೆ? ‘ನಾಳೆ ಮನೆ ಬದಲಾಯಿಸೋವಾಗ ಬೇಕಾಗತ್ತೆ.’ ರಾಯರು ನಲವತ್ತು ವರ್ಷದಿಂದ ಅದೇ ಮನೆಯಲ್ಲಿದ್ದಾರೆ.

ಯಾರಾದರೂ ಟೀಕಿಸಿದರೆ ರಾಯರ ಹತ್ತಿರ ಸಾಕ್ಷಿಗಳಿಗೆ ಬರವಿಲ್ಲ. ಕೆಡವಲು ಹೊರಟ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಹಿತ ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ ವಿಜಯನಾಥ ಶೆಣೈ ಅವರನ್ನು ಮೊದಲು ಕರೆಯುತ್ತಾರೆ. ಕುಕನೂರಿನ ಕಮಲ ಮಹಲನ್ನೇ ಅಲ್ಲಿಗೆ ಸಾಗಿಸಿದವರು ಅವರು. ಆಮೇಲೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕ್ಯಾಮೆರಾಗಳು. ‘ಸುಧಾ’, ‘ಕಸ್ತೂರಿ’ಗಳಿಂದ ಧಾರಾವಾಹಿ ಕತ್ತರಿಸಿ ತಾಯಿಯವರು ಹೊಲಿದಿಟ್ಟ ಕಟ್ಟುಗಳ ವಿಷಯ ಬಂದರೆ, ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟ ಅಂಕೇಗೌಡರು ಬರುತ್ತಾರೆ. ‘ಅವರು ಇಟ್ಕೊಂಡ್ರೆ ಸಂಗ್ರಹ, ನಾನು ಇಟ್ಕೊಂಡ್ರೆ ಗುಜರಿ, ಅಲ್ವಾ?’

ಸೊಸೆ ಒಮ್ಮೆ ಇದಕ್ಕೆ ಉತ್ತರ ಕೊಟ್ಟಳು: ‘ಮಾವ, ಅವರೆಲ್ಲ ಬೇರೆಯವರು ಬಿಸಾಡಿದ್ದನ್ನ ತಂದು ಊರಿಗೆಲ್ಲ ತೋರಿಸಿದ್ರು. ನೀವು ನಮ್ಮದನ್ನ ನಮಗೂ ತೋರಿಸಲ್ಲ.’

ಈ ವಾದಕ್ಕೆ ತೆರೆ ಎಳೆಯುವವನು ಬಿಲ್ಡರ್. ಹಳೆಯ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸುವ ಒಪ್ಪಂದಕ್ಕೆ ಸಹಿ ಬಿದ್ದ ದಿನ ಅಟ್ಟವೂ ಹೋಯಿತೆಂದೇ ಲೆಕ್ಕ. ಹೊಸ ಫ್ಲಾಟಿನಲ್ಲಿ ಮಾಡ್ಯುಲರ್ ಕಪಾಟು ಇರುತ್ತದೆ, ಅಟ್ಟ ಇರುವುದಿಲ್ಲ. ಗುಜರಿಯವನನ್ನು ಕರೆಸುತ್ತಾರೆ. ಅವನ ತಕ್ಕಡಿಗೆ ಕಬ್ಬಿಣ ಆಗುತ್ತದೆ, ಪೇಪರ್ ಆಗುತ್ತದೆ, ತಾಮ್ರವೆಂದರೆ ಕಣ್ಣೇ ಅರಳುತ್ತದೆ. ಹಂಡೆಯನ್ನು ಬೆರಳಲ್ಲಿ ತಟ್ಟಿ ನೋಡಿದ ಅವನು ಮಂಚದ ಕಡೆ ತಿರುಗಿಯೂ ನೋಡುವುದಿಲ್ಲ. ‘ಮರ ಬೇಡ ಸಾರ್. ಹಾಸಿಗೆ ಅಂತೂ ಮುಟ್ಟಲ್ಲ.’ ಇನ್ನು ಪಾಲಿಕೆಯ ಕಸದ ಗಾಡಿ. ಎರಡು ಬುಟ್ಟಿ, ಒಂದು ಚೀಲದಲ್ಲಿ ಕಸ ವಿಂಗಡಿಸಿ ಕೊಡಿ ಎಂದು ಹೈಕೋರ್ಟ್ 2015ರ ಡಿಸೆಂಬರಿನಲ್ಲೇ ಬೆಂಗಳೂರಿಗೆ ಆದೇಶಿಸಿದೆ. ಆರಡಿ ಉದ್ದದ ತೇಗದ ಮಂಚ ಯಾವ ಬುಟ್ಟಿಗೆ ಸೇರುತ್ತದೆ? ನಗರದ ಖಾಲಿ ಸೈಟುಗಳಲ್ಲಿ ರಾತ್ರೋರಾತ್ರಿ ಸೋಫಾ, ಹತ್ತಿ ಹಾಸಿಗೆಗಳು ಪ್ರತ್ಯಕ್ಷವಾಗುವುದು ಈ ಪ್ರಶ್ನೆಗೆ ಉತ್ತರವಿಲ್ಲದೆ. ರಾಯರು ಅಂಥ ಕೆಲಸ ಮಾಡುವವರಲ್ಲ. ಹಳೇ ಟಿವಿಯನ್ನು ಸಹ, ಅದರ ಗಾಜಿನಲ್ಲಿ ಸೀಸ ಇದೆಯೆಂದು ತಿಳಿದ ಮೇಲೆ, ಇ-ತ್ಯಾಜ್ಯದವರಿಗೇ ಒಪ್ಪಿಸಿದರು. ಕೊಡುವ ಮುನ್ನ ಮೂರು ಗುಂಡಿ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಉಳಿದದ್ದು ದಾನ. ರಾಯರ ಕೈ ಇಲ್ಲಿ ದೊಡ್ಡದು. ಬೆತ್ತದ ಕುರ್ಚಿ, ಮಂಚ ಎರಡನ್ನೂ ಮನೆಗೆಲಸದ ಜಯಮ್ಮನಿಗೆ ಕೊಡುವುದಾಗಿ ಘೋಷಿಸಿದರು. ಜಯಮ್ಮ ಮಂಚವನ್ನು ಒಂದು ಸುತ್ತು ಹಾಕಿ ನೋಡಿದಳು. ‘ನಮ್ದು ಒಂದೇ ರೂಮು ಸಾರ್. ಇದು ಒಳಗೆ ಬಂದ್ರೆ ನಾವು ಹೊರಗೆ ಮಲಗ್ಬೇಕು. ಆ ಮಿಕ್ಸಿ ಕೊಡ್ತೀರಾ?’ ಮಿಕ್ಸಿ ಚೆನ್ನಾಗಿ ಓಡುತ್ತಿತ್ತು. ಆದ್ದರಿಂದ ಅದು ದಾನದ ಪಟ್ಟಿಯಲ್ಲಿ ಇರಲಿಲ್ಲ. ರಾಯರಿಗೆ ಇದು ಕೃತಘ್ನತೆಯಂತೆ ಕಂಡಿತು. ತನಗೇನು ಬೇಕೆಂದು ಜಯಮ್ಮನಿಗೆ ಗೊತ್ತಿತ್ತು, ಅಷ್ಟೆ. ಈ ಕಾಯಿಲೆ ರಾಯರೊಬ್ಬರದಲ್ಲ. 2004ರ ಸುನಾಮಿಯ ನಂತರ ದೇಶದ ಮೂಲೆಮೂಲೆಯಿಂದ ಹೋದ ಹಳೇ ಬಟ್ಟೆ ತಮಿಳುನಾಡಿನಲ್ಲಿ ಯಾರಿಗೂ ಬೇಡವಾಗಿ ರಾಶಿ ಬಿದ್ದಿತ್ತು. ಅದನ್ನು ಎತ್ತಿ ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸವನ್ನು ‘ಗೂಂಜ್’ ಸಂಸ್ಥೆ ಮಾಡಬೇಕಾಯಿತು.

ಕೊನೆಗೆ ಮಂಚ ತಮ್ಮನ ಮಗನ ಪಾಲಾಯಿತು. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಕೂಡ ಅಷ್ಟು ಮಾತು ಆಡುವುದಿಲ್ಲ.

‘ಗೋಡೆಗೆ ತಾಗಿಸಬೇಡ, ತೇವ ಹಿಡಿಯತ್ತೆ.’

‘ಆಯ್ತು ದೊಡ್ಡಪ್ಪ.’

‘ಪೇಂಟು ಗೀಂಟು ಬಳೀಬೇಡ. ತೇಗ ಅದು.’

‘ಇಲ್ಲ ದೊಡ್ಡಪ್ಪ.’

‘ಬೇಡ ಅನ್ನಿಸಿದ್ರೆ ಮಾರಬೇಡ, ನಂಗೆ ಹೇಳು.’

‘ಹೇಳಿದ್ರೆ ನೀವು ಎಲ್ಲಿ ಇಡ್ತೀರಾ?’

‘ಅದು ಆಮೇಲಿನ ಮಾತು.’

ಮಂಚ ಲಿಫ್ಟಿನಲ್ಲಿ ಹಿಡಿಯದೆ, ಬೋಲ್ಟು ಬಿಚ್ಚಿ ಮೆಟ್ಟಿಲ ಮೇಲೆ ಹೊತ್ತು ಐದನೇ ಮಹಡಿ ಸೇರಿತು. ಮೊದಲ ಭಾನುವಾರವೇ ರಾಯರು ಹಾಜರು. ಕಾಫಿ ಕುಡಿದರು, ರೂಮಿಗೆ ಹೋದರು, ಮಂಚವನ್ನು ಎರಡು ಸಲ ಅಲುಗಿಸಿದರು, ಜೇಬಿನಿಂದ ಸ್ಪ್ಯಾನರ್ ತೆಗೆದು ಬೋಲ್ಟು ಬಿಗಿ ಮಾಡಿದರು. ಅಂದಿನಿಂದ ಇದು ವ್ರತ. ಬೀರು ಇರುವ ಭಾವಮೈದುನನ ಮನೆ, ತೊಟ್ಟಿಲು ಇರುವ ಅಕ್ಕನ ಮೊಮ್ಮಗಳ ಮನೆ, ಬೊಂಬೆ ಹಲಗೆ ಇರುವ ಪಕ್ಕದ ಬೀದಿಯ ಮನೆ, ಎಲ್ಲ ಕಡೆಗೂ ಸರದಿ ಪ್ರಕಾರ ಭೇಟಿ. ಆಗ ನೆಂಟರಿಗೆಲ್ಲ ಗುಟ್ಟು ತಿಳಿಯಿತು: ರಾಯರು ಏನನ್ನೂ ಕೊಡುವುದಿಲ್ಲ, ಬೇರೆಯವರ ಮನೆಯಲ್ಲಿ ಇಡುತ್ತಾರೆ. ಒಂದು ಅಟ್ಟ ಹೋಗಿ ಆರು ಮನೆ ಅಟ್ಟವಾದವು.

ಆದರೂ ಒಂದು ವಿಷಯದಲ್ಲಿ ರಾಯರ ಪಕ್ಷ ವಹಿಸಲೇಬೇಕು. ಗೋದ್ರೆಜ್ ಕಂಪನಿ ಉಕ್ಕಿನ ಬೀರು ಮಾಡಲು ಶುರು ಮಾಡಿದ್ದು 1923ರಲ್ಲಿ. ಅಜ್ಜಿಯ ಕಾಲದಲ್ಲಿ ಕೊಂಡ ಬೀರುವಿನ ಹಿಡಿ ಇವತ್ತೂ ಗಟ್ಟಿಯಾಗಿ ತಿರುಗುವ ಮನೆಗಳು ಬೇಕಾದಷ್ಟಿವೆ. ಮರದ ಪುಡಿಗೆ ಅಂಟು ಕಲಸಿ ಒತ್ತಿದ ಈಗಿನ ಹಲಗೆ ಒಂದು ಸಲ ನೀರು ಕುಡಿದರೆ ಅಂಚಿನಲ್ಲಿ ಉಬ್ಬಿ ಸ್ಕ್ರೂ ಬಿಟ್ಟುಕೊಡುತ್ತದೆ. ತೇಗದ ಮಂಚಕ್ಕೆ ಬೋಲ್ಟು ಬಿಗಿ ಮಾಡಿದರೆ ಮುಗಿಯಿತು. ತಮ್ಮನ ಮಗ ಹೊಸದಾಗಿ ಕೊಂಡ ಕಪಾಟಿನ ಬಾಗಿಲು ಮೊದಲ ಮಳೆಗಾಲದಲ್ಲೇ ಜೋತುಬಿತ್ತು. ಅದನ್ನು ಸರಿ ಮಾಡಿದವರು ಕೂಡ ಭಾನುವಾರ ಬಂದ ರಾಯರೇ, ಹಳೇ ಟಿವಿಯ ಜೊತೆಗೆ ಬಂದಿದ್ದ ಯಾವುದೋ ಸ್ಕ್ರೂ ಹಾಕಿ.

ರಾಯರ ಬಳಿ ಇನ್ನೂ ಒಂದು ಆರಾಮ ಕುರ್ಚಿ, ಎರಡು ಟ್ರಂಕು, ಒಂದು ಒರಳುಕಲ್ಲು ಉಳಿದಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ. ಟೆಂಪೊ ಬಾಡಿಗೆಯನ್ನು ಅವರೇ ಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲಿಗೂ ಹೊರಡಬೇಡಿ, ಕಾಫಿಗೆ ಇನ್ನೊಂದು ಲೋಟ ಹಾಲು ಹೆಚ್ಚಿಗೆ ಇಡಿ.